ತೂಬಗೆರೆಯಲ್ಲಿ ಎಂಬತ್ತರ ದಶಕ: ಒಂದು ಅವಿಮರ್ಶಾತ್ಮಕ ಅಧ್ಯಯನ

ಪ್ರಸ್ತುತ ಪ್ರಬಂಧದ ವ್ಯಾಪ್ತಿ ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹೋಬಳಿ. ಅದರಲ್ಲೂ ಒಂದು ಮನೆ. ಆ ಮನೆಯಲ್ಲೂ ಒಬ್ಬ ಹುಡುಗ. ವ್ಯಾಪ್ತಿ ಕಿರಿದಾಯಿತು ಎನ್ನುವವರು ಯಾವುದಾದರೂ ವಿಶ್ವವಿದ್ಯಾಲಯದ ಪಿಎಚ್.ಡಿ. ಕಪಾಟನ್ನು ಒಮ್ಮೆ ಇಣುಕಿ ಬರಬಹುದು. ಹುಡುಗ (ಇನ್ನು ಮುಂದೆ ‘ವಕ್ತೃ-1’) ಹುಟ್ಟಿದ್ದು 2004ರಲ್ಲಿ. ರವಿಚಂದ್ರನ್ನರ ‘ಪ್ರೇಮಲೋಕ’ ತೆರೆಗೆ ಬಂದದ್ದು 1987ರಲ್ಲಿ. ಹೀಗಿದ್ದೂ ಆ ಚಿತ್ರದ ಹಾಡು ಕಿವಿಗೆ ಬಿದ್ದಾಗಲೆಲ್ಲ ವಕ್ತೃ-1 ಅರೆಗಣ್ಣು ಮುಚ್ಚಿ, “ನಮ್ ಕಾಲದ್ ಹಾಡೇ ಬೇರೆ ಬಿಡಿ ಸಾರ್” ಎನ್ನುತ್ತಾನೆ. ಹುಟ್ಟುವುದಕ್ಕೆ ಹದಿನೇಳು ವರ್ಷ ಮುಂಚಿನದು ‘ನಮ್ಮ ಕಾಲ’ ಆದದ್ದು ಹೇಗೆ? ಇದೇ ಸಂಶೋಧನೆಯ ಸಮಸ್ಯೆ.

ಪೂರ್ವಪಕ್ಷವಾಗಿ ಪುನರ್ಜನ್ಮವಾದವನ್ನು ಪರಿಶೀಲಿಸಲಾಯಿತು. 1987ರಲ್ಲಿ ಹಾಡು ಕೇಳಿ, 2004ರೊಳಗೆ ತೀರಿಕೊಂಡ ಯಾವುದೋ ಜೀವ ಈ ಮನೆಯಲ್ಲಿ ಮರಳಿ ಹುಟ್ಟಿರಬೇಕು ಎಂಬುದು ಈ ವಾದದ ತಿರುಳು. ಸಾಕ್ಷ್ಯಕ್ಕಾಗಿ ಊರಿನ ಮೃತರ ಪಟ್ಟಿ ಮಾಡಹೊರಟ ಸಂಶೋಧಕನಿಗೆ ವಕ್ತೃ-1ರ ಅಜ್ಜಿ (ವಕ್ತೃ-2), “ಸತ್ತೋರ್ ಲೆಕ್ಕ ಬರ್ಕೊಳಾಕೆ ನೀವೇನ್ ಶ್ಯಾನುಭೋಗ್ರಾ?” ಎಂದು ಕೇಳಿದ್ದರಿಂದ ಈ ವಾದವನ್ನು ಅಲ್ಲಿಗೇ ಕೈಬಿಡಲಾಗಿದೆ.

ಇನ್ನು ಮೂಲದ ಪ್ರಶ್ನೆ. ಪಾಪ್ ಸಂಗೀತ ಹೊರಗಿನಿಂದ ಬಂದದ್ದೆಂದು ಪಾಶ್ಚಾತ್ಯ ಪಕ್ಷಪಾತಿಗಳು ವಾದಿಸುತ್ತಾರೆ. ಬೆಂಗಳೂರಲ್ಲಿ ಹುಟ್ಟಿದ ಕೊಡವ ಬಿದ್ದು ಅಪ್ಪಯ್ಯ ಲಂಡನ್ನಿಗೆ ಹೋಗಿ, 1974ರಲ್ಲಿ ‘ಕುಂಗ್ ಫು ಫೈಟಿಂಗ್’ ಎಂಬ ಹಾಡನ್ನು ನಿರ್ಮಿಸಿ ಅಲ್ಲಿಯವರನ್ನೇ ಕುಣಿಸಿದ್ದನ್ನೂ, 1981ರಲ್ಲಿ ಪಾಕಿಸ್ತಾನದ ಹುಡುಗಿ ನಾಜಿಯಾ ಹಸನ್‌ಳ ಕಂಠದಲ್ಲಿ ‘ಡಿಸ್ಕೊ ದೀವಾನೆ’ ತಂದದ್ದನ್ನೂ ಅವರು ಮರೆತಂತಿದೆ. ಪಾಪ್ ಇಲ್ಲಿಂದ ಅಲ್ಲಿಗೆ ಹೋಗಿ, ಅಲ್ಲಿ ಇಸ್ತ್ರಿಯಾಗಿ ವಾಪಸು ಬಂದಿದೆ ಎಂಬುದು ನಮ್ಮ ನಿಲುವು. ಪುರಾವೆ ಕಡಿಮೆಯಿದೆ, ಅಭಿಮಾನ ಸಾಕಷ್ಟಿದೆ.

ವಿಡಿಯೋ ಕುರಿತೂ ಎರಡು ಮಾತು. ಅಮೆರಿಕದಲ್ಲಿ ಎಂಟಿವಿ ಶುರುವಾದದ್ದು 1981ರ ಆಗಸ್ಟ್ 1ರಂದು. ನಮ್ಮಲ್ಲಿ ಟಿವಿಗೆ ಬಣ್ಣ ಬರಲು 1982ರ ಏಷ್ಯನ್ ಕ್ರೀಡಾಕೂಟದವರೆಗೆ ಕಾಯಬೇಕಾಯಿತು. ವಕ್ತೃ-1 ಈ ನಷ್ಟವನ್ನೆಲ್ಲ ಮೊಬೈಲಿನಲ್ಲಿ ಭರ್ತಿ ಮಾಡಿಕೊಳ್ಳುತ್ತಿದ್ದಾನೆ. ಮೈಕೆಲ್ ಜಾಕ್ಸನ್ನನ 1983ರ ‘ಥ್ರಿಲ್ಲರ್’ ವಿಡಿಯೋವನ್ನು, ಗೋರಿಯಿಂದ ಹೆಣಗಳೆದ್ದು ಕುಣಿಯುವ ಆ ಸುಮಾರು ಹದಿನಾಲ್ಕು ನಿಮಿಷದ ಕೃತಿಯನ್ನು, ಅಜ್ಜಿಗೆ ತೋರಿಸಿ ಅಭಿಪ್ರಾಯ ದಾಖಲಿಸಲಾಯಿತು: “ಸತ್ ಮ್ಯಾಲಾದ್ರೂ ಸುಮ್ಕೆ ಮಲಗ್ಬಾರ್ದೇನ್ಲಾ ಇವ್ರು?” ಜಾಕ್ಸನ್ ವಿಮರ್ಶೆಯಲ್ಲಿ ಇಷ್ಟು ನೇರವಾದ ಪ್ರಶ್ನೆ ಸಂಶೋಧಕನ ಗಮನಕ್ಕೆ ಇನ್ನೆಲ್ಲೂ ಬಂದಿಲ್ಲ.

ಈಗ ಪ್ರಬಂಧದ ಪ್ರಧಾನ ಆಕರಕ್ಕೆ ಬರೋಣ. ವಕ್ತೃ-1ರ ಅಪ್ಪ (ವಕ್ತೃ-3) ಹುಡುಗನಾಗಿದ್ದಾಗ ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು, ಹಂಸಲೇಖ ಬರೆದು ಸಂಗೀತವನ್ನೂ ಕೊಟ್ಟ ‘ಪ್ರೇಮಲೋಕ’ದ ಕ್ಯಾಸೆಟ್ಟೂ ಇತ್ತು. ಹುಡುಗ ಅದನ್ನು ಅಟ್ಟದಲ್ಲೆಲ್ಲ ತಡಕಿದ್ದಾನೆ. ಅದು ಸಿಕ್ಕಿದ್ದು ಮಾತ್ರ ದ್ರಾಕ್ಷಿ ತೋಟದ ಇತಿಹಾಸದಲ್ಲಿ. ಕ್ಯಾಸೆಟ್ ಹಾಳಾದ ಮೇಲೆ ಒಳಗಿನ ರೀಲನ್ನು ಎಳೆದು, ಗಿಣಿ ಗೊರವಂಕಗಳನ್ನು ಹೆದರಿಸಲು ಚಪ್ಪರದ ಮೇಲೆ ಅಡ್ಡಡ್ಡ ಕಟ್ಟಲಾಗಿತ್ತಂತೆ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಪಕ್ಕಕ್ಕೆ ಮೂವತ್ತು ನಿಮಿಷವೆಂದರೆ ಸುಮಾರು 86 ಮೀಟರ್. ಒಂದು ಸಾಲು ಬೆಂಗಳೂರು ನೀಲಿ ದ್ರಾಕ್ಷಿಗೆ ಧಾರಾಳವಾಯಿತು. ಗಾಳಿ ಬೀಸಿದಾಗ ರೀಲು ಗುಂಯ್‌ಗುಡುತ್ತಿತ್ತು, ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಅಂದರೆ ಧ್ವನಿಯೂ ಬೆಳಕೂ ಕೂಡಿದ ಮ್ಯೂಸಿಕ್ ವಿಡಿಯೋ ತೂಬಗೆರೆಯ ಹೊಲದಲ್ಲೇ ನಡೆದಿದೆ. ಪ್ರೇಕ್ಷಕರು ಎದ್ದು ಹಾರಿಹೋದದ್ದೇ ಅದರ ಯಶಸ್ಸು. “ಹಕ್ಕಿ ಬರ್ಲಿಲ್ಲ ಸಾರ್, ಅದ್ ಮಾತ್ರ ದಿಟ” ಎಂದು ವಕ್ತೃ-3 ಪ್ರಮಾಣೀಕರಿಸಿದ್ದಾರೆ. ಹುಡುಗ ಅವತ್ತಿನಿಂದ ಅಪ್ಪನೊಡನೆ ಸರಿಯಾಗಿ ಮಾತಾಡಿಲ್ಲ.

ಪಾಠಾಂತರದ ಸಮಸ್ಯೆ ಇದರಿಂದಲೇ ಹುಟ್ಟಿದೆ. ಈಗ ಮೊಬೈಲಿನಲ್ಲಿ ದೊರೆಯುವ ಹಾಡು ತೊಳೆದಿಟ್ಟಷ್ಟು ಸ್ವಚ್ಛ. ವಕ್ತೃ-1ರ ಪ್ರಕಾರ ಅದು ಪ್ರಕ್ಷಿಪ್ತ ಪಾಠ. ರೀಲು ಸಡಿಲಾಗಿ ಎಸ್ಪಿಬಿ ಧ್ವನಿ ಕೊಂಚ ಎಳೆದಾಡಬೇಕು, ಹಿಂದೆ ಸುಯ್ ಎನ್ನಬೇಕು, ಆಗಷ್ಟೇ ಅದು ಮೂಲಪಾಠ. ಹಾಗಾಗಿ ಶುದ್ಧ ಹಾಡಿಗೆ ಕ್ಯಾಸೆಟ್ಟಿನ ಗಲೀಜು ಬೆರೆಸಿಕೊಡುವ ಆ್ಯಪೊಂದನ್ನು ಹಾಕಿಕೊಂಡಿದ್ದಾನೆ. ಮೂವತ್ತು ವರ್ಷದ ಹಿಂದೆ ಇದೇ ಸುಯ್ ಹೋಗಲಿ ಎಂದು ವಕ್ತೃ-3 ಹತ್ತಿಗೆ ಸ್ಪಿರಿಟ್ ಅದ್ದಿ ಹೆಡ್ಡು ಉಜ್ಜುತ್ತಿದ್ದರು. ಗ್ರಂಥಸಂಪಾದನಾ ಶಾಸ್ತ್ರ ಈ ತಂದೆಮಕ್ಕಳ ವಿಚಾರದಲ್ಲಿ ಮೌನವಾಗಿದೆ.

ತಾಲ್ಲೂಕಿನ ವಿದ್ಯುತ್ ಮಗ್ಗಗಳಿಗೂ ಡ್ರಮ್ ಯಂತ್ರಕ್ಕೂ ನಂಟಿದೆಯೇ ಎಂಬುದನ್ನೂ ನೋಡಲಾಯಿತು. ಡಿಸ್ಕೊ ಹಾಡಿನ ನಡೆ ನಿಮಿಷಕ್ಕೆ ಸುಮಾರು 120 ಪೆಟ್ಟು. ದೊಡ್ಡಬಳ್ಳಾಪುರದ ಮಗ್ಗವೊಂದರ ಮುಂದೆ ವಾಚು ಹಿಡಿದು ಎಣಿಸುತ್ತ ನಿಂತಾಗ ಮಾಲೀಕರು ಹೊರಬಂದು, “ಕರೆಂಟ್ ಆಫೀಸ್ನೋರಾ? ಮೀಟ್ರೆಲ್ಲ ಸರಿಯಾಗೈತೆ ಸ್ವಾಮಿ” ಎಂದು ಕಾಫಿ ತರಿಸಿದರು. ಎಣಿಕೆ ತಪ್ಪಿತು. ಕಾಫಿ ಚೆನ್ನಾಗಿತ್ತು.

ಸಿದ್ಧಾಂತ ಕಡೆಗೆ ಹೊಳೆದದ್ದು ಘಾಟಿ ಕಡೆಯ ಖಾಸಗಿ ಬಸ್ಸಿನಲ್ಲಿ. ಡ್ರೈವರ್ ಪೆನ್‌ಡ್ರೈವ್ ಚುಚ್ಚಿದರೆ ಬರುವುದು ಹಂಸಲೇಖ, ಇಳಯರಾಜ. ಇಳಿದು ಆಟೊ ಹಿಡಿದರೆ ಹಿಂಬದಿಯಲ್ಲಿ ಶಂಕರ್‌ನಾಗ್ ನಗುತ್ತಾರೆ. ಅವರು ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು, ಇದು ಸ್ಟಿಕ್ಕರ್ ಅಂಗಡಿಗೆ ಇನ್ನೂ ತಿಳಿದಿಲ್ಲ. ಮದುವೆ ಆರ್ಕೆಸ್ಟ್ರಾ, ಗಣಪತಿ ಪೆಂಡಾಲು, ರಾಜ್ಯೋತ್ಸವದ ವೇದಿಕೆ, ಎಲ್ಲಿ ಹೋದರೂ ಎಂಬತ್ತರ ದಶಕವೇ ಮೈಕು ಹಿಡಿದು ನಿಂತಿದೆ. ಎಲ್ಲರೂ ಅದು ಮುಗಿಯಿತೆಂದು ಕ್ಯಾಲೆಂಡರ್ ನೋಡಿ ನಂಬಿದ್ದಾರೆ. ಈ ಹೋಬಳಿಯಲ್ಲಿ ಅದನ್ನು ಬೀಳ್ಕೊಟ್ಟ ದಾಖಲೆಯೇ ಇಲ್ಲ. ಆದ್ದರಿಂದ ವಕ್ತೃ-1 ಕಳೆದುಹೋದ ಕಾಲಕ್ಕೆ ಹಂಬಲಿಸುತ್ತಿಲ್ಲ, ಪ್ರಚಲಿತ ವಿದ್ಯಮಾನವನ್ನು ಅನುಸರಿಸುತ್ತಿದ್ದಾನೆ. ಹಳೇ ಕಾಲದವರು ಯಾರೆಂದರೆ ಅವನಪ್ಪ, ಈ ವರ್ಷ ಬಂದ ಹಾಡು ಮಾತ್ರ ಕೇಳುವವರು.

ಮುಂದಿನ ಅಧ್ಯಯನಕ್ಕೆ ವಿಪುಲ ಅವಕಾಶವಿದೆ. ವಕ್ತೃ-1ರ ತಂಗಿ ಹತ್ತನೇ ತರಗತಿಯಲ್ಲಿದ್ದು, 2015ರ ಹಾಡುಗಳನ್ನು ಕೇಳಿ “ಆ ಕಾಲ ಮತ್ತೆ ಬರಲ್ಲ” ಎಂದು ನಿಟ್ಟುಸಿರು ಬಿಟ್ಟದ್ದನ್ನು ಸಂಶೋಧಕ ಕಣ್ಣಾರೆ ಕಂಡಿದ್ದಾನೆ. ಅನುದಾನಕ್ಕೆ ಅರ್ಜಿ ಹಾಕಲಾಗಿದೆ; ಬಸ್ ಚಾರ್ಜು ಮತ್ತು ಒಂದು ಪೆನ್‌ಡ್ರೈವ್ ಪ್ರತ್ಯೇಕ.