ಮೊದಲು ಸ್ಟಿಕ್ಕರು, ಆಮೇಲೆ ಬ್ರೇಕು

ಟ್ರ್ಯಾಕ್ ಡೇಗೆಂದು ಕೊಳ್ಳುವ ಮೊದಲ ಕಾರು ಹಗುರಾಗಿರಬೇಕು, ಬಿಡಿಭಾಗ ಎಲ್ಲೆಂದರಲ್ಲಿ ಸಿಗಬೇಕು, ಗುದ್ದಿದರೆ ಹೊಟ್ಟೆ ಉರಿಯಬಾರದು. ಬೆಂಗಳೂರಿನ ಗಿರಾಕಿ ಇದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ವಿಚಾರಿಸುತ್ತಾನೆ.

“ಅಣ್ಣಾ, ಎಷ್ಟು ಎಚ್‌ಪಿ ಇರ್ಬೇಕು?”

“ಮೊದ್ಲು ಬ್ರೇಕ್ ಇರ್ಬೇಕು ಸಾರ್.”

ಮೆಕ್ಯಾನಿಕ್ ತೋರಿಸುವುದು 2005ರಲ್ಲಿ ಬಂದ ಮೊದಲ ತಲೆಮಾರಿನ ಸ್ವಿಫ್ಟು: 1.3 ಲೀಟರ್ ಪೆಟ್ರೋಲ್ ಎಂಜಿನ್, ಸುಮಾರು ಒಂದು ಟನ್ ತೂಕ. ಇದೇ ಎಂಜಿನ್ ಕುಟುಂಬದ ಎಸ್ಟೀಮ್ ನಮ್ಮ ರೇಸುಗಳಲ್ಲಿ ವರ್ಷಗಟ್ಟಲೆ ಓಡಿದೆ. ಗಿರಾಕಿಯ ಮುಖ ಮಾತ್ರ ಸಪ್ಪಗಾಗುತ್ತದೆ.

“ಇದು ನಮ್ಮತ್ತೆ ಹತ್ರಾನೂ ಇದೆ!”

“ಹಂಗಾದ್ರೆ ಸ್ಪೇರ್ ಪಾರ್ಟು ಮನೇಲೇ ಇದೆಯಲ್ಲ ಸಾರ್.”

ಶ್ರೀಪೆರಂಬುದೂರು ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನ ಪೂರ್ಣ ಸುತ್ತು ಸುಮಾರು 3.7 ಕಿ.ಮೀ. ಅಲ್ಲಿ ಮೊದಲು ಸೋಲುವುದು ಎಂಜಿನ್ ಅಲ್ಲ, ಬ್ರೇಕ್. ಮತ್ತೆ ಮತ್ತೆ ತುಳಿದಾಗ ಬ್ರೇಕ್ ಆಯಿಲ್ ಕಾಯುತ್ತದೆ; ತೇವ ಹೀರಿದ ಹಳೇ ಆಯಿಲ್ ಬೇಗ ಕುದಿದು, ಆವಿಯ ಗುಳ್ಳೆ ಕಟ್ಟಿ, ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ. ಹೊಸ ಡಾಟ್ 4 ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ಲೆಕ್ಕ ಶುರುವಾಗಬೇಕಾದದ್ದು ಇಲ್ಲಿಂದ: ಆಯಿಲ್, ಪ್ಯಾಡ್, ಟೈರು, ಹೆಲ್ಮೆಟ್. ಗಿರಾಕಿಯ ಪಟ್ಟಿಯಲ್ಲಿ ಮೊದಲ ಸಾಲು ಸದ್ದು ಮಾಡುವ ಸೈಲೆನ್ಸರು, ಎರಡನೆಯದು ಸ್ಟಿಕ್ಕರು.

“ಗುದ್ದಿದ್ರೆ ಇನ್ಶೂರೆನ್ಸ್ ಇದೆಯಲ್ಲ?”

“ಪಾಲಿಸಿ ಓದಿ ಸಾರ್. ರೇಸು, ಸ್ಪೀಡ್ ಟೆಸ್ಟಿಂಗ್‌ಗೆ ಅನ್ವಯಿಸಲ್ಲ ಅಂತ ಸಾಮಾನ್ಯವಾಗಿ ಬರ್ದಿರ್ತಾರೆ.”

ಆದ್ದರಿಂದಲೇ, ಹೋದರೆ ಹೋಗಲಿ ಎನ್ನುವಷ್ಟು ದುಡ್ಡನ್ನಷ್ಟೇ ಇಂಥ ಕಾರಿಗೆ ಹಾಕುವುದು ಜಾಣತನ. ಗಿರಾಕಿ ತಲೆಯಾಡಿಸಿ, ತಕ್ಷಣ ಮುಂಗಡ ಕೊಡುತ್ತಾನೆ, ಸ್ಪಾಯ್ಲರಿಗೆ.