ಎಡಿಟರೆಂಬ ಮತ

ಮತಭೇದಗಳು ಮಠಗಳಿಗಷ್ಟೇ ಮೀಸಲೆಂದು ನಂಬಿರುವವರು ಪ್ರೋಗ್ರಾಮರುಗಳ ಲೋಕವನ್ನೊಮ್ಮೆ ಇಣುಕಿ ನೋಡಬೇಕು. 1976ರಲ್ಲಿ ಬರ್ಕ್ಲಿಯ ಬಿಲ್ ಜಾಯ್ ವಿಐ ಎಂಬ, ಪಠ್ಯವನ್ನು ಬರೆದು ತಿದ್ದುವ ಎಡಿಟರನ್ನೂ, ಅದೇ ವರ್ಷ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಮೊದಲಾದವರು ಈಮ್ಯಾಕ್ಸನ್ನೂ ನಿರ್ಮಿಸಿದಂದಿನಿಂದ, ಅಲ್ಲಿ ವಾಕ್ಯಾರ್ಥಕ್ಕೆ ವಿರಾಮವೆಂಬುದೇ ಇಲ್ಲ.

ವಿಐ ಮತದವರದು ಅಪರಿಗ್ರಹವ್ರತ. ಬಾಣದ ಕೀಲಿಗಳು ಕಣ್ಣೆದುರಿಗಿದ್ದರೂ ಅವನ್ನು ಮುಟ್ಟದೆ, ಎಚ್, ಜೆ, ಕೆ, ಎಲ್ ಎಂಬ ಅಕ್ಷರಗಳಿಂದಲೇ ಎಡಕ್ಕೂ ಕೆಳಕ್ಕೂ ಮೇಲಕ್ಕೂ ಬಲಕ್ಕೂ ಸಂಚರಿಸುವ ಈ ಆಚಾರದ ಮೂಲವನ್ನು ವಿಚಾರಿಸಿದರೆ, ಜಾಯ್ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣಗಳನ್ನು ಆ ನಾಲ್ಕು ಕೀಲಿಗಳ ಮೇಲೆಯೇ ಮುದ್ರಿಸಿದ್ದರೆಂಬುದು ತಿಳಿಯುತ್ತದೆ. ಟರ್ಮಿನಲ್ಲು ಗುಜರಿಗೆ ಹೋಯಿತು, ಆಚಾರವು ಶಾಸ್ತ್ರವಾಯಿತು. ಇಲ್ಲಿ ಪ್ರವೇಶ ಸುಲಭ, ನಿರ್ಗಮನ ದುರ್ಲಭ: ಎಸ್ಕೇಪ್ ಒತ್ತಿ, ಕೋಲನ್ ಹಾಕಿ, ಕ್ಯೂ ಬರೆದು, ಬರೆದುದನ್ನು ಉಳಿಸದೆ ಹೊರಡುವುದಾದರೆ ಉದ್ಗಾರಚಿಹ್ನೆಯನ್ನೂ ಸೇರಿಸಬೇಕೆಂಬ ಮಂತ್ರವನ್ನರಿಯದೆ ವಿದ್ಯುತ್ತನ್ನೇ ಕಡಿದವರುಂಟು.

ಈಮ್ಯಾಕ್ಸಿನವರಾದರೋ ಭೋಗಪ್ರಿಯರು. ಮಿಂಚಂಚೆ ಓದುವುದೂ, ಟೆಟ್ರಿಸ್ ಆಡುವುದೂ, ‘ಡಾಕ್ಟರ್’ ಎಂದು ಕರೆದೊಡನೆ ಮನೋವೈದ್ಯನ ಧಾಟಿಯಲ್ಲಿ ದುಃಖವನ್ನು ವಿಚಾರಿಸಿಕೊಳ್ಳುವುದೂ ಅಲ್ಲಿ ಒಂದೇ ಸೂರಿನಡಿ ಸಾಧ್ಯ. ಆದರೆ ಕಂಟ್ರೋಲ್ ಕೀಲಿಯನ್ನು ಒತ್ತಿ ಒತ್ತಿ ನೊಂದ ಕಿರುಬೆರಳಿಗೆ ಮಾತ್ರ ಆ ವೈದ್ಯನಲ್ಲಿ ಮದ್ದಿಲ್ಲ.

ಈ ಉಭಯ ಮತಸ್ಥರೂ ಏಕಾಭಿಪ್ರಾಯಕ್ಕೆ ಬರುವ ಶುಭಸಂದರ್ಭವೊಂದಿದೆ. ಮೂರನೆಯವನೊಬ್ಬನು ಮೌಸ್ ಹಿಡಿದು, ಮೆನುವನ್ನು ತೆರೆದು, ‘ಕಾಪಿ’ ಎಲ್ಲಿದೆಯೆಂದು ನಿಧಾನವಾಗಿ ಹುಡುಕತೊಡಗಿದನೆಂದರೆ ಸಾಕು, ಇಬ್ಬರೂ ಏಕಕಾಲದಲ್ಲಿ ಹಣೆ ಚಚ್ಚಿಕೊಳ್ಳುತ್ತಾರೆ. ಅವನು ಅಷ್ಟರಲ್ಲಿ ಕೆಲಸ ಮುಗಿಸಿ ಊಟಕ್ಕೆ ಹೊರಟಿರುತ್ತಾನೆ.