ಸೋಡಾ ತರುವ ಹುಡುಗ

ಸೋಮವಾರ ನಮ್ಮೂರ ಹೈಸ್ಕೂಲಿನಲ್ಲಿ ಮದ್ಯಪಾನದ ಬಗ್ಗೆ ಜಾಗೃತಿ ಭಾಷಣವಿತ್ತು. ಅತಿಥಿಗಳು ಅರ್ಧ ಗಂಟೆ ತಡ. ಬೈಕಿನ ಕೀ ಎಲ್ಲೋ ಕಳೆದುಹೋಗಿ ಆಟೋ ಹಿಡಿಯಬೇಕಾಯಿತು ಎಂದು ಕ್ಷಮೆ ಕೇಳಿ, "ಮಕ್ಕಳೇ, ಕುಡಿತದ ವಿಷಯದಲ್ಲಿ ನಿಮಗೆ ಜವಾಬ್ದಾರಿ ಬರಬೇಕು" ಎಂದು ಮೈಕು ನಡುಗುವಂತೆ ಗುಡುಗಿದರು. ಕೊನೇ ಸಾಲಿನ ಹುಡುಗನೊಬ್ಬ ಫಕ್ಕನೆ ನಕ್ಕ. ಮೇಷ್ಟ್ರು ಅವನನ್ನು ಎಬ್ಬಿಸಿ ಬಾಗಿಲಾಚೆ ನಿಲ್ಲಿಸಿದರು.

ಹುಡುಗ ನಮ್ಮ ಬೀದಿಯವನೇ. ಒಂಬತ್ತನೇ ಕ್ಲಾಸು. ಈ ವಿಷಯದಲ್ಲಿ ಅವನಷ್ಟು ಜವಾಬ್ದಾರಿ ಹೊತ್ತವರು ಆ ಸಭೆಯಲ್ಲಿ ಇನ್ನೊಬ್ಬರಿರಲಿಲ್ಲ.

ಶನಿವಾರ ಸಂಜೆ ಅವರಪ್ಪನ ಗೆಳೆಯರು ಮಹಡಿ ಹತ್ತಿದರೆಂದರೆ ಇವನ ಡ್ಯೂಟಿ ಶುರು. ಸೋಡಾ ಎಷ್ಟು, ಐಸ್ ಯಾವ ಅಂಗಡಿಯದು, ಯಾವ ಅಂಕಲ್‌ಗೆ ಖಾರದ ಕಡ್ಲೆಬೀಜ, ಯಾರಿಗೆ ಬಿ.ಪಿ. ಇರೋದರಿಂದ ಬರೀ ಸೌತೆಕಾಯಿ, ಎಲ್ಲ ಬಾಯಿಪಾಠ. ಮೂರನೇ ಪೆಗ್ಗಿಗೆ ಯಾರು ಅಳುತ್ತಾರೆ, ನಾಲ್ಕನೆಯದಕ್ಕೆ ಯಾರು ಸೈಟಿನ ಕೇಸು ತೆಗೆಯುತ್ತಾರೆ ಅನ್ನೋದೂ ಗೊತ್ತು. ಹನ್ನೊಂದಾದ ಮೇಲೆ ಬೈಕುಗಳ ಕೀ ಬಚ್ಚಿಡುವವನು ಇವನೇ. ಅಪ್ಪನ ಚಪ್ಪಲಿ ಬಿಚ್ಚಿ, ಮಗ್ಗುಲಾಗಿ ಮಲಗಿಸಿ, ಅಜ್ಜಿ ಕೇಳಿದರೆ "ಗ್ಯಾಸ್ಟ್ರಿಕ್ಕಂತೆ" ಅನ್ನುವವನೂ ಇವನೇ. ಭಾನುವಾರ ಹನ್ನೆರಡಕ್ಕೆ ಎದ್ದ ಅಪ್ಪ ಮಜ್ಜಿಗೆ ಕುಡಿದು, "ಸಹವಾಸ ಕೆಟ್ಟರೆ ನೋಡು, ಕಾಲು ಮುರೀತೀನಿ" ಎಂದು ಮಗನಿಗೆ ಬುದ್ಧಿ ಹೇಳುತ್ತಾರೆ.

ಕಾನೂನೇನೋ ಕಟ್ಟುನಿಟ್ಟು. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಸರ್ಕಾರ ಅದನ್ನು 18ಕ್ಕೆ ಇಳಿಸಲು ಹೊರಟು, ಜನ ಉಗಿದ ಮೇಲೆ ಕೈಬಿಟ್ಟಿತು. ಮಗುವಿನ ಕೈಯಲ್ಲಿ ಮದ್ಯ ತರಿಸಿದವರಿಗೆ ಬಾಲನ್ಯಾಯ ಕಾಯ್ದೆಯ 78ನೇ ಕಲಂ ಪ್ರಕಾರ 7 ವರ್ಷದವರೆಗೆ ಕಠಿಣ ಸಜೆ. ಹುಡುಗ ಕ್ವಾರ್ಟರ್ ಕೇಳಿದರೆ ಅಂಗಡಿಯವನು ಮಾತ್ರ ವಯಸ್ಸು ವಿಚಾರಿಸುವುದಿಲ್ಲ. "ಅಪ್ಪಂಗಾ?" ಅನ್ನುತ್ತಾನೆ. ಹೂಂ ಅಂದರೆ ಸಾಕು, ಪೇಪರ್ ಸುತ್ತಿ ಕೊಡುತ್ತಾನೆ. ಪಿತೃಭಕ್ತಿಗೆ ಇರುವ ಮರ್ಯಾದೆ ಅದು.

ಮನೆಯ ಅಪ್ಪನನ್ನೇ ಯಾಕೆ ಅನ್ನಬೇಕು, ಊರಿಗೆಲ್ಲ ಅಪ್ಪನಾದ ಸರ್ಕಾರ ಇನ್ನೇನು? ಎಂ.ಎಸ್.ಐ.ಎಲ್. ಸರ್ಕಾರದ್ದೇ ಕಂಪನಿ. ಮಕ್ಕಳಿಗೆ ನೋಟ್‌ಬುಕ್ಕು ಮಾರುತ್ತದೆ, ದೊಡ್ಡವರಿಗೆ ಎಣ್ಣೆ. ಅದರ ನೋಟ್‌ಬುಕ್ಕಿನಲ್ಲಿ 'ಕುಡಿತದ ದುಷ್ಪರಿಣಾಮಗಳು' ಎಂದು ಪ್ರಬಂಧ ಬರೆದ ಹುಡುಗ ನಾಳೆ ಅದೇ ಬೋರ್ಡಿನ ಕೆಳಗೆ ಕ್ಯೂ ನಿಲ್ಲಬಹುದು, ಗಿರಾಕಿ ಕೈತಪ್ಪಲಿಲ್ಲ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂಬ ಗುರಿ ಇಟ್ಟುಕೊಂಡ ಇದೇ ಸರ್ಕಾರಕ್ಕೆ ಮದ್ಯಪಾನ ಸಂಯಮ ಮಂಡಳಿ ಅಂತಲೂ ಒಂದಿದೆ. ಒಂದು ಕಚೇರಿ ಕುಡಿಸಬೇಕು, ಇನ್ನೊಂದು ಬಿಡಿಸಬೇಕು. ಇಬ್ಬರೂ ಸಮನಾಗಿ ಕೆಲಸ ಮಾಡಿದರೆ ಲೆಕ್ಕ ಸೊನ್ನೆಗೆ ಬರುತ್ತದಲ್ಲ, ಹಾಗಾಗಿ ಎರಡನೆಯವರು ಸಂಯಮದಿಂದ ಇದ್ದಾರೆ.

ಇನ್ನು ಟೀವಿ. ಮದ್ಯದ ಜಾಹೀರಾತಿಗೆ ಅವಕಾಶವಿಲ್ಲ, ಆದ್ದರಿಂದ ವಿಸ್ಕಿಯ ಹೆಸರಲ್ಲಿ ಸೋಡಾ, ನೀರು, ಹಾಡಿನ ಸಿ.ಡಿ. ಮೆರೆಯುತ್ತವೆ. ವಿಸ್ಕಿಯ ಹೆಸರು ಹೊತ್ತ ಕ್ರಿಕೆಟ್ ತಂಡದ ಅಂಗಿ ತೊಟ್ಟು ನಮ್ಮ ಹುಡುಗರು ವರ್ಷವರ್ಷವೂ 'ಈ ಸಲ ಕಪ್ ನಮ್ದೇ' ಎಂದು ಗಂಟಲು ಹರಿದುಕೊಂಡರು. ತಂಡ ಕಪ್ ಎತ್ತಿದ್ದು ಹದಿನೆಂಟನೇ ಸೀಸನ್ನಿನಲ್ಲಿ. ಕಾನೂನಿನ ಪ್ರಕಾರ ಇನ್ನೂ ಮೂರು ವರ್ಷ ಕಾಯಬೇಕಿತ್ತು.

ಭಾಷಣ ಮುಗಿಯಿತು. ಮಕ್ಕಳು ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿದರು. ವೇದಿಕೆಯ ಮೇಲಿದ್ದ ದೊಡ್ಡವರ ಕೈಯಲ್ಲಿ ಹೂಗುಚ್ಛ ಇದ್ದುದರಿಂದ ಅವರಿಗೆ ಕೈ ಚಾಚಲಾಗಲಿಲ್ಲ. ಹೊರಡುವಾಗ ಅತಿಥಿಗಳು ಬಾಗಿಲಾಚೆ ನಿಂತಿದ್ದ ಹುಡುಗನ ಮುಂದೆ ನಿಂತು, "ಯಾಕಪ್ಪಾ ನಕ್ಕೆ?" ಎಂದು ಗದರಿದರು.

ಹುಡುಗ ಜೇಬಿಗೆ ಕೈ ಹಾಕಿದ. "ನಿಮ್ ಬೈಕಿನ ಕೀ, ಅಂಕಲ್. ಗಾಡಿ ನಮ್ಮನೆ ಗೇಟ್ ಹತ್ರಾನೇ ಇದೆ."